ಕಡ ಕೊಟ್ಟ ಕಂಠ

ನಮ್ಮ ಓಣಿಯಲ್ಲಿ ಹೆಪ್ಪಿಗೆ ಮಜ್ಜಿಗೆ ಕೇಳುವ ಹಾಗೆಯೇ ಕಂಠವನ್ನೂ ಕಡ ಕೇಳುತ್ತಾರೆ.

ಶಬಾನಾ ಸಂಗೀತದ ಕೀಬೋರ್ಡಿನ ಕೇಬಲ್ಲನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಗೆಳತಿ ಕಸ್ತೂರಿ ಮೈಕಿನೊಳಗೆ ಒಂದು ಉದ್ದ ಉಸಿರು ಬಿಟ್ಟಳು. ಕಂಠ ಒಳಗೆ ಹೋಯಿತು. ಅವಳ ಖಾಲಿ ಗಂಟಲಲ್ಲಿ ತಂಪು ಗಾಳಿ ಆಡಿತು. ಈಗ ಯಾವ ಕೀ ಒತ್ತಿದರೂ ಕಸ್ತೂರಿ ಬಾಯಿ ತೆರೆಯದೆಯೇ ಹಾಡುತ್ತಿದ್ದಳು.

"ರೆಕಾರ್ಡಿಂಗ್ ಮುಗಿಯೂತನಕ ಮೂಕಿ ನೀ. ನಿಮ್ಮ ಮನಿಯವರಿಗೆ ಹಬ್ಬ!" ಎಂದು ಶಬಾನಾ ನಕ್ಕಳು.

ಅಷ್ಟರಲ್ಲಿ ಕಸ್ತೂರಿಯ ಸೋದರಮಾವ ಗಂಡಿನ ಕಡೆಯವರನ್ನು ಅಲ್ಲಿಗೇ ಕರೆತಂದ.

"ಹುಡುಗ ಒಪ್ಯಾನವಾ. ನೀ ಏನಂತಿ?"

ಕಸ್ತೂರಿ ಜೋರಾಗಿ ಅಡ್ಡಡ್ಡ ತಲೆಯಾಡಿಸಿದಳು.

"ನಾಚಿಕಿ ನೋಡ್ರಿ! ಸುಮ್ಮನಿದ್ದಾಳಂದ್ರ ಒಪ್ಪಿಗಿ ಅಂತನ. ಸಕ್ಕರಿ ಹಂಚ್ರಿ."

"ತಡೀರಿ ಕಾಕಾ, ಆಕಿ ದನಿ ಇದರಾಗ ಐತಿ..." ಎಂದಳು ಶಬಾನಾ. ಯಾರೂ ಕಿವಿಗೊಡಲಿಲ್ಲ.

ಕಸ್ತೂರಿ ಎರಡೂ ಮೊಳಕೈಗಳನ್ನು ಕೀಬೋರ್ಡಿನ ಮೇಲೆ ಊರಿದಳು. ಕಂಠ ತನ್ನ ಒಡತಿಯನ್ನು ಗುರುತಿಸಿತು. ಅಜ್ಜಿಯರು, ತಾಯಂದಿರು, ಎಳೆಯ ಹುಡುಗಿಯರು ಒಟ್ಟಿಗೆ ಬಾಯಿಬಿಟ್ಟಂತೆ ಮಂದ್ರದಿಂದ ತಾರದವರೆಗೆ ಅವಳ ದನಿಯೊಂದೇ ಕೋಣೆಯನ್ನು ತುಂಬಿತು:

"ಒಲ್ಲೆ."

ಮಾವನ ಬೊಗಸೆಯಿಂದ ಸಕ್ಕರೆ ಮೆಲ್ಲಗೆ ಉದುರುತ್ತಿತ್ತು. ಶಬಾನಾ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.