ಅತ್ತೆಯ ಕೈವಾಡ

ಇದರಲ್ಲಿ ಅತ್ತೆಯ ಕೈವಾಡವಿದೆ ಎಂಬುದರಲ್ಲಿ ಅಳಿಯನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಐಸ್ ಯಂತ್ರದೊಳಗೆ ತಾನು ಕೂರಿಸಿದ್ದ ಕಣ್ಣಿಗೆ ಕೆಂಪು ಉಣ್ಣೆಯ ಎಳೆಯೊಂದು ಅಂಟಿಕೊಂಡಿತ್ತು. ಆ ಹೋಟೆಲಿನಲ್ಲಿ ಕೆಂಪು ಕೈಗವಸು ಹಾಕುವವರು ಒಬ್ಬರೇ. ಅದೂ ಬಲಗೈಗೆ ಮಾತ್ರ.

ಐಸ್ ಕೋಣೆಯಲ್ಲಿ ಅತ್ತೆಯದು ಹನ್ನೊಂದು ವರ್ಷದ ಕೆಲಸ. ಬೆಳಿಗ್ಗೆ ಯಂತ್ರ ಹಾಕುವುದು, ಪೆಟ್ಟಿಗೆಯಲ್ಲಿ ಐಸು ಗೆರೆ ಮುಟ್ಟಿದರೆ ಆರಿಸುವುದು, ಇಳಿದರೆ ಮತ್ತೆ ಹಾಕುವುದು, ಸಂಜೆ ಬಂದ್ ಮಾಡಿ ಮನೆಗೆ ಹೋಗುವುದು. ಇಷ್ಟನ್ನು ಯಂತ್ರವೇ ಮಾಡಿಕೊಳ್ಳಲಿ ಎಂದು ಅದೇ ಹೋಟೆಲಿನ ಮೆಕ್ಯಾನಿಕ್ ಅಳಿಯ ತಲೆ ಓಡಿಸಿದ. ಪೆಟ್ಟಿಗೆಯ ಒಂದು ಬದಿಗೆ ದೀಪ, ಎದುರು ಬದಿಗೆ ಆ ಬೆಳಕನ್ನು ಗುರುತಿಸುವ ಸೆನ್ಸರ್, ಅದೇ ಅವನ ಕಣ್ಣು. ಏನಾದರೂ ಬೆಳಕಿಗೆ ಅಡ್ಡ ಬಂದರೆ ಯಂತ್ರ ನಿಲ್ಲುತ್ತದೆ. ಮನೆಯ ಫ್ರಿಜ್ಜಿನ ಸುಣ್ಣದಂಥ ಬಿಳಿ ಐಸು ಸುರಿದು ಇಪ್ಪತ್ತು ಸಲ ಪರೀಕ್ಷಿಸಿದ. ಇಪ್ಪತ್ತು ಸಲವೂ ನಿಂತಿತು. ಆಮೇಲೆ ಅವನನ್ನು ಹಿಡಿಯುವವರೇ ಇರಲಿಲ್ಲ.

ಹೋಟೆಲಿನ ಐಸಾದರೋ, ಹಿಂದೆ ಪತ್ರಿಕೆ ಹಿಡಿದರೆ ಓದಬಹುದು, ಅಷ್ಟು ತಿಳಿ. ಗಿರಾಕಿಗಳು ಬರುತ್ತಿದ್ದದ್ದೇ ಅದಕ್ಕೆ.

"ಮೂವತ್ತು ದಿನ ನೋಡೋಣ," ಎಂದಿದ್ದರು ಮಾಲೀಕರು. "ನೀನು ರಿಪೇರಿ ಮಾಡಿದ ಲಿಫ್ಟಲ್ಲಿ ನಾನು ಎರಡು ಗಂಟೆ ಇದ್ದೆ, ನೆನಪಿರಲಿ. ಒಂದೇ ಒಂದು ತುಂಡು ಐಸು ನೆಲಕ್ಕೆ ಬಿತ್ತೋ, ನಿನ್ನ ಕಣ್ಣೂ ಹೊರಗೆ, ನೀನೂ ಹೊರಗೆ. ಬೀಳಲಿಲ್ಲವೋ, ನಿಮ್ಮತ್ತೆಯನ್ನ ಮನೆಗೆ ಕಳಿಸ್ತೀನಿ. ಅಲ್ಲೀತನಕ ಅವರು ಸ್ವಿಚ್ಚು ಮುಟ್ಟೋ ಹಾಗಿಲ್ಲ, ಬೆಳಿಗ್ಗೆ ಹಾಕೋದು, ಸಂಜೆ ಬಂದ್ ಮಾಡೋದು ನೀನೇ."

ಕೆಲಸ ಹೋಗುವ ಅತ್ತೆಗೆ ಕಣ್ಣು ಕೆಡಲಿ ಎಂಬ ಆಸೆ ಇರದೇ ಇರುತ್ತದೆಯೇ? ಎರಡನೆಯ ದಿನವೇ ರಾಗ ಎಳೆದಿದ್ದರು.

"ಅಳಿಯಂದ್ರೇ, ನಿಮ್ಮ ಕಣ್ಣನ್ನ ಇನ್ನೊಂದ್ಸಲ ನೋಡ್ಬಾರ್ದಾ? ನಂಗ್ಯಾಕೋ..."

"ತುಂಬಿದ ಕೊಡ ತುಳುಕಲ್ಲ, ಅತ್ತೆ."

"ಸರಿ ಬಿಡಿ. ನಿಮ್ಮ ಕೆಲಸ ಹೋಗೋಕೆ ನಾನು ಬಿಡ್ತೀನಾ?"

ಆ ಮಾತಿನ ಕೊಂಕು ಅವನಿಗೆ ಚೆನ್ನಾಗಿಯೇ ಚುಚ್ಚಿತ್ತು.

ಇಪ್ಪತ್ತೊಂಬತ್ತು ದಿನ ಒಂದು ಚೂರೂ ಬೀಳಲಿಲ್ಲ. ಅಳಿಯ ಎದೆಯುಬ್ಬಿಸಿ ಓಡಾಡಿದ. ಅತ್ತೆ ಮಾತ್ರ ಸ್ಟೂಲು ಬಿಟ್ಟು ಪೆಟ್ಟಿಗೆಯ ಪಕ್ಕದಲ್ಲೇ ನಿಂತಿರುತ್ತಿದ್ದರು. ಸಂಜೆ ಮನೆಯಲ್ಲಿ ಬಿಸಿ ಚಹಾದ ಲೋಟವನ್ನು ಬಲಗೈಯಲ್ಲಿ ಒತ್ತಿ ಹಿಡಿದು ಕೂರುತ್ತಿದ್ದರು. "ಚಳೀನೂ ಒಂದೇ ಕೈಗೆ ಆಗುತ್ತೇನೇ?" ಎಂದು ಅಳಿಯ ಹೆಂಡತಿಯೊಡನೆ ನಗೆಯಾಡಿದ್ದ. ಈಗ ಅವನೇ ಹೇಳಿಕೊಳ್ಳುವ ಪ್ರಕಾರ, ಆಗ ಅವನ ತಲೆಯಲ್ಲಿ ಮಿದುಳಿನ ಜಾಗದಲ್ಲಿ ಐಸಿತ್ತು, ಅದೂ ಫ್ರಿಜ್ಜಿನದು.

ಮೂವತ್ತನೆಯ ದಿನ ಮಧ್ಯಾಹ್ನ, ಪೆಟ್ಟಿಗೆ ಬರಿದಾಗಿದ್ದಾಗ ಆ ಎಳೆ ಸಿಕ್ಕಿತು. ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ ಎಂದು ಹಲ್ಲು ಕಡಿದ. ತಾನು ಮನೆಯಳಿಯ, ಉಣ್ಣುತ್ತಿರುವುದು ಅತ್ತೆಯ ಮನೆಯಲ್ಲಿ ಎಂಬುದು ಹೊಳೆಯಲಿಲ್ಲ. ಮಾಲೀಕರನ್ನು ಹುಡುಕಿ ಕರೆತರುವಷ್ಟರಲ್ಲಿ ಗಂಟೆ ಮೂರಾಗಿ, ಪೆಟ್ಟಿಗೆ ತುಂಬಿತ್ತು. ಅತ್ತೆ ಬಲಗೈಯನ್ನು ಮೊಣಕೈವರೆಗೆ ಒಳಗಿಳಿಸಿ ನಿಂತಿದ್ದರು. ಅಂಗೈ ಸರಿಯಾಗಿ ಕಣ್ಣಿನ ಮುಂದೆ.

"ನೋಡಿದ್ರಾ ಸಾರ್? ನನ್ನ ಕಣ್ಣಿಗೇ ಮಣ್ಣೆರಚೋ ಕೆಲಸ!" ಅಳಿಯ ಕೂಗಿದ. "ಕೈ ತೆಗೀರಿ, ಅತ್ತೆ!"

ಅತ್ತೆ ಮಾಲೀಕರ ಹೊಳೆಯುವ ಬೂಟು ನೋಡಿದರು. ಅಳಿಯನ ಮುಖ ನೋಡಿದರು. "ಈಗ ಬೇಡ, ಅಳಿಯಂದ್ರೇ. ಇವತ್ತೊಂದು ಸಂಜೆವರೆಗೂ ಇರ್ಲಿ."

"ತೆಗೀರಿ ಅಂದ್ರೆ ತೆಗೀರಿ!"

"ನಿಮ್ಮಿಷ್ಟ."

ಅತ್ತೆ ಕೈ ತೆಗೆದರು. ನಿಂತಿದ್ದ ಯಂತ್ರ ಗುರ್ ಎಂದು ಓಡತೊಡಗಿತು. ತುಂಬಿದ ಪೆಟ್ಟಿಗೆಯ ಮೇಲೆ ಮತ್ತೊಂದು ರಾಶಿ ಐಸು ಬಿದ್ದು, ಜಾರಿ, ಮಾಲೀಕರ ಬೂಟಿನ ಮೇಲೆ ಪಟಪಟನೆ ಉದುರಿತು.

ಗಾಜಿನಂಥ ಐಸನ್ನು ಬೆಳಕು ಆರಾಮಾಗಿ ದಾಟಿ ಬರುತ್ತಿತ್ತು. ಮೂವತ್ತು ದಿನವೂ ಅಳಿಯನ ಕಣ್ಣು ಕಂಡದ್ದು ಐಸನ್ನಲ್ಲ, ಅತ್ತೆಯ ಕೈಯನ್ನು.