ಐದನೇ ನುಡಿ

ಊರೆಲ್ಲಾ ಪೋಸ್ಟರ್ ಅಂಟಿಸಿ ಆಗಿತ್ತು. ‘ನಾಳೆ ಸಂಜೆ ಬಿಡುಗಡೆ: ಐದು ನುಡಿಗಳ ಪೂರ್ತಿ ಜೋಗುಳ!’ ಎಂದು ಅದರ ಮೇಲೆ ದಪ್ಪ ಅಕ್ಷರಗಳಿದ್ದವು. ಬ್ಯಾಂಡಿನ ಮೂವರಿಗೂ ಗೊತ್ತಿದ್ದದ್ದು ನಾಲ್ಕೇ ನುಡಿ. ಹೀಗೆ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವನು ಡ್ರಮ್ ಬಾರಿಸುವ, ಎಲ್ಲರೂ ‘ಗುಡುಗು’ ಎಂದೇ ಕರೆಯುವ ಹುಡುಗ. ಹಗಲೆಲ್ಲಾ ಲಿಫ್ಟ್ ರಿಪೇರಿ ಮಾಡುವ ಅವನಿಗೆ ಯಾವುದೂ ಅರ್ಧಕ್ಕೆ ನಿಲ್ಲಬಾರದು.

ಐದನೆಯದು ಇದ್ದದ್ದು ಗಾಯಕಿಯ ಅಮ್ಮನ ಹತ್ತಿರ. ಜೋಗುಳ ಅವರ ತಾಯಿಯಿಂದ ಬಂದದ್ದು. ಆದರೆ ಅಮ್ಮನಿಗೆ ಹಾಡನ್ನು ನಡುವಿನಿಂದ ಎತ್ತಿಕೊಳ್ಳಲು ಬಾರದು, ಮೊದಲಿನಿಂದ ಹಾಡಿಕೊಂಡೇ ಬರಬೇಕು. ಹಾಗೆ ಬಂದರೆ ನಾಲ್ಕನೆಯದಕ್ಕೆ ಕೇಳುವವರು ಮಲಗಿರುತ್ತಾರೆ, ಅಮ್ಮ ನಿಲ್ಲಿಸಿಬಿಡುತ್ತಾರೆ. ಫೋನಿಗೆ ಹಾಡಿ ಕೊಡು ಎಂದರೆ, “ಅದಕ್ಕೇನು ನಿದ್ದೆ ಬರ್ಬೇಕಾ?” ಎನ್ನುತ್ತಾರೆ. ಮಗಳು ಇಷ್ಟು ದೊಡ್ಡವಳಾದರೂ ಐದನೆಯದನ್ನು ಕೇಳಿದ್ದೇ ಇಲ್ಲ.

ಹಾಗಾಗಿ ಆ ಮಧ್ಯಾಹ್ನ ಮೂವರೂ ಗಂಟಲ ಮಟ್ಟ ಕಾಫಿ ಕುಡಿದು ಅಮ್ಮನೆದುರು ಚಾಪೆ ಹಾಕಿಕೊಂಡು ಕೂತರು. ಅಮ್ಮ ಒಗೆದ ಬಟ್ಟೆಗಳನ್ನು ಮಡಿಸುತ್ತಾ ಶುರುಮಾಡಿದರು. ಗಿಟಾರ್ ನುಡಿಸುವ ಹಲ್ಲಿನ ಡಾಕ್ಟರು ಎರಡನೆಯದಕ್ಕೇ ಒರಗಿದರು. ಈ ಡಾಕ್ಟರು ಬ್ಯಾಂಡಿನ ಹಾಡುಗಳನ್ನು ಮೊದಲು ಕೇಳಿಸುವುದು ತಮ್ಮ ರೋಗಿಗಳಿಗೆ. ಬಾಯಿ ತೆರೆದುಕೊಂಡಿರುವವರು ಬೇಡ ಎನ್ನುವಂತಿಲ್ಲವಲ್ಲ. ಮೂರನೆಯದಕ್ಕೆ ಗುಡುಗಿನ ಗೊರಕೆ ಎದ್ದಿತು. ಮಗಳು ಮಾತ್ರ ಕಣ್ಣು ಮುಚ್ಚಿ, ತೊಡೆ ಚಿವುಟಿಕೊಂಡು ತಡೆದಳು. ನಾಲ್ಕನೆಯದು ಮುಗಿಯಿತು. ಅಮ್ಮ ಸದ್ದಿಲ್ಲದೆ ಬಟ್ಟೆಗಳನ್ನು ಎತ್ತಿಕೊಂಡು ಎದ್ದರು.

“ಹೂಂ, ಐದು?” ಎಂದಳು ಮಗಳು.

“ಅಯ್ಯೋ ನಿನ್ನ! ಎಚ್ಚರ ಇದೀಯಾ?”

“ಇದೀನಿ. ಹಾಡಮ್ಮಾ.”

ಅಮ್ಮ ಮತ್ತೆ ಕೂತರು. ಮಡಿಸಿದ್ದ ಟವೆಲನ್ನು ಬಿಚ್ಚಿ ಇನ್ನೊಂದು ಸಲ ಮಡಿಸಿದರು. “ನನಗೆ ಗೊತ್ತಿಲ್ಲ ಕಣೇ.”

“ಮತ್ತೆ ಐದಿದೆ ಅಂತ ಇಷ್ಟು ವರ್ಷ ಹೇಳಿದ್ದು?”

“ನಮ್ಮಮ್ಮ ಹೇಳ್ತಿದ್ಲು. ಐದನೇದು ಎಲ್ಲಕ್ಕಿಂತ ಚೆಂದ, ಆದ್ರೆ ಕಣ್ಮುಚ್ಚಿ ಸುಮ್ನಿರೋರಿಗೆ ಮಾತ್ರ ಹಾಡೋದು ಅಂತ. ಕಣ್ಮುಚ್ಚಿದ್ರೆ ಮುಗೀತು, ಬೆಳಗಾಗಿರೋದು. ‘ಹಾಡಿದ್ಯಾ?’ ಅಂದ್ರೆ, ‘ಓ, ಹಾಡಿದ್ನಲ್ಲ!’ ಅನ್ನೋಳು. ನಾನೂ ನಿನಗೆ ಅದನ್ನೇ ಹೇಳ್ಕೊಂಡು ಬಂದೆ.” ಟವೆಲಿನ ಅಂಚು ನೀವುತ್ತಾ ಹೇಳಿದರು: “ನಿಜವಾಗ್ಲೂ ಇತ್ತೋ ಏನೋ. ಒಂದು ಸಲನಾದ್ರೂ ಎಚ್ಚರ ಇರ್ಬೇಕಿತ್ತು ನಾನು.”

ಆಟಿಕೆ ಕಳೆದುಕೊಂಡ ಮಗುವಿನ ಹಾಗಿದ್ದ ಅಮ್ಮನ ಮುಖ ನೋಡಿ ಮಗಳು ಸಿಟ್ಟು ಮಾಡುವುದಿರಲಿ, ತಾನೂ ಒಂದು ಬಟ್ಟೆ ಎತ್ತಿಕೊಂಡು ಮಡಿಸತೊಡಗಿದಳು. ಅಷ್ಟರಲ್ಲಿ ಗುಡುಗು ಧಡಕ್ಕನೆ ಎದ್ದು ಕೂತು, “ಆಂಟೀ, ಐದನೇದು ಅದ್ಭುತ!” ಎಂದ.

ವಿಷಯ ತಿಳಿದ ಮೇಲೂ ಅವನು ಹಿಂಜರಿಯಲಿಲ್ಲ. ನಾನೇ ಬರೀತೀನಿ ಎಂದು ಲಿಫ್ಟಿನಲ್ಲಿ ಇಳಿದು ಬರುವ ಚಂದಿರನ ಮೇಲೊಂದು ನುಡಿ ಕಟ್ಟಿ ಹಾಡಿಯೂ ತೋರಿಸಿದ.

“ಇದನ್ನ ಕೇಳಿದ್ರೆ ಮಲಗಿರೋ ಮಗೂನೂ ಎದ್ದು ಓಡುತ್ತೆ ಕಣಪ್ಪ,” ಎಂದರು ಅಮ್ಮ. ಆಮೇಲೆ ಮಗಳ ಕಡೆ ತಿರುಗಿದರು. “ಐದು ಹಾಡ್ತೀರೋ ಐವತ್ತು ಹಾಡ್ತೀರೋ ನಿಮ್ಮಿಷ್ಟ. ಆದ್ರೆ ಅದು ನಮ್ಮಮ್ಮನ ಜೋಗುಳ. ಈ ಡಬಡಬಕ್ಕೆ ಯಾರಿಗಾದ್ರೂ ನಿದ್ದೆ ಬರುತ್ತಾ ಹೇಳು? ನಿದ್ದೆ ಬರದೇ ಹೋದ್ರೆ ಅದು ಅವಳ ಹಾಡೇ ಅಲ್ಲ.”

ಆ ಮಾತು ಮಗಳಿಗೆ ನಾಟಿತು. ಪೋಸ್ಟರಿನ ಚಿಂತೆ ಅದರ ಮುಂದೆ ಏನೂ ಅಲ್ಲ ಅನ್ನಿಸಿತು.

ಮರುದಿನ ಸಂಜೆ ಸಭಾಂಗಣ ತುಂಬಿತ್ತು. ಅಮ್ಮ ಮುಂದಿನ ಸಾಲಿನಲ್ಲಿ ಕೈಕಟ್ಟಿಕೊಂಡು, ಪರೀಕ್ಷೆ ಮಾಡಲು ಬಂದವರ ಹಾಗೆ ಕೂತಿದ್ದರು. ಹಿಂದಿನಿಂದ ಯಾರೋ “ಐದನೇದು!” ಎಂದು ಕೂಗಿದರು. ಮಗಳು ಮೈಕಿನ ಹತ್ತಿರ ಬಂದಳು.

“ಐದನೇ ನುಡಿ ಎಲ್ಲಕ್ಕಿಂತ ಚೆಂದ. ಆದ್ರೆ ಕಣ್ಮುಚ್ಚಿ ಸುಮ್ನಿರೋರಿಗೆ ಮಾತ್ರ ಹಾಡೋದು.”

ಜನ ನಗುತ್ತಾ ಕಣ್ಣು ಮುಚ್ಚಿದರು. ಗುಡುಗು ಕೋಲುಗಳನ್ನು ಪಕ್ಕಕ್ಕಿಟ್ಟು ಬರೀ ಬೆರಳಲ್ಲಿ, ಮಗುವಿನ ಬೆನ್ನು ತಟ್ಟುವಷ್ಟೇ ಮೆಲ್ಲಗೆ ಡ್ರಮ್ ತಟ್ಟಿದ. ಅವನಿಗೆ ಹಾಗೂ ಬಾರಿಸಲು ಬರುತ್ತದೆಂದು ಬ್ಯಾಂಡಿನವರಿಗೇ ಗೊತ್ತಿರಲಿಲ್ಲ. ಒಂದು, ಎರಡು, ಮೂರು ಮುಗಿದವು. ನಾಲ್ಕನೆಯದು ಮುಗಿಯುವಾಗ ಮಗಳು ಕೆಳಗೆ ನೋಡಿದಳು. ಅಮ್ಮನ ತಲೆ ಪಕ್ಕದ ಅಪರಿಚಿತ ಹೆಂಗಸಿನ ಹೆಗಲ ಮೇಲಿತ್ತು. ಬಾಯಿ ತುಸು ತೆರೆದಿತ್ತು. ಡಾಕ್ಟರು ಅಭ್ಯಾಸಬಲದಿಂದ ಒಮ್ಮೆ ಇಣುಕಿದರು. ಮಗಳು ತುಟಿಯ ಮೇಲೆ ಬೆರಳಿಟ್ಟಳು. ಗಿಟಾರು ನಿಂತಿತು, ಡ್ರಮ್ ನಿಂತಿತು. ಸಭಾಂಗಣದಲ್ಲಿ ಯಾರೂ ಕೆಮ್ಮಲೂ ಇಲ್ಲ.

ಎಷ್ಟೋ ಹೊತ್ತಿನ ಮೇಲೆ ಹಿಂದೆ ಒಬ್ಬರು ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಅಮ್ಮ ಬೆಚ್ಚಿ ಎದ್ದು ತಾವೂ ಜೋರಾಗಿ ತಟ್ಟಿದರು. ಮಗಳು ವೇದಿಕೆಯಿಂದ ಇಳಿದು ಬಂದು, ಜಾರಿದ್ದ ಶಾಲನ್ನು ಅವರ ಹೆಗಲಿಗೆ ಎಳೆದಳು.

“ಐದನೇದು ಹಾಡಿದ್ಯಾ?” ಅಮ್ಮ ಕಣ್ಣುಜ್ಜುತ್ತಾ ಕೇಳಿದರು.

“ಓ, ಹಾಡಿದ್ನಲ್ಲ!”

“ಥೂ,” ಎಂದರು ಅಮ್ಮ, “ಈ ಸಲಾನೂ ತಪ್ಪಿಹೋಯ್ತು.”