ಕಾಲ್ಗುಣ

ಹೊಸ ಸೊಸೆ ಬಂದ ವಾರಕ್ಕೇ ಹಸು ಹಾಲು ಕಮ್ಮಿ ಮಾಡಿತು, ಮೋಟರು ಸುಟ್ಟುಹೋಯಿತು. ಎರಡಕ್ಕೂ ಅವಳ ಕಾಲ್ಗುಣವೇ ಕಾರಣವೆಂದು ಅತ್ತೆ ತೀರ್ಮಾನಿಸಿದಳು.

ಅಂಥದ್ದರಲ್ಲಿ, ಅತ್ತೆ ಹಿತ್ತಿಲಲ್ಲಿ ದಂಟಿನ ಬೀಜ ಚೆಲ್ಲಿದ್ದ ಪಾತಿಗೆ ಕೋಳಿ ನುಗ್ಗಿತು. ಮಣ್ಣು ಹತ್ತಿಯಂತೆ ಹಗುರವಾಗಿರಬೇಕೆಂದು ಅವಳು ಕೈಯಲ್ಲೇ ಪುಡಿಮಾಡಿದ ಪಾತಿ ಅದು. ಸೊಸೆ ಬರಿಗಾಲಲ್ಲೇ ಓಡಿ, ಪಾತಿಯ ಈ ತುದಿಯಿಂದ ಆ ತುದಿವರೆಗೆ ಕೋಳಿಯನ್ನು ಅಟ್ಟಿದಳು.

"ಅಯ್ಯೋ, ಬೀಜದ ಮೇಲೇ ತುಳಿದ್ಯೇನೇ?"

"ಕೋಳಿ ಕೆದಕ್ತಿತ್ತು ಅತ್ತೆ."

"ಕೋಳಿ ಕೆದಕಿದ್ರೂ ನಾಕು ಬೀಜ ಉಳಿಯೋವು. ನಿನ್ ಕಾಲು ಬಿದ್ಮೇಲೆ ಇನ್ನೇನು ಹುಟ್ತೈತೆ? ಇನ್ನೊಂದ್ಸಲ ಹಿತ್ಲಿಗೆ ಕಾಲಿಟ್ರೆ ನೋಡು!"

ಆ ವಾರವೆಲ್ಲ ಬಿಸಿಲು, ಗಾಳಿ. ಅತ್ತೆ ದಿನಾ ನೀರು ಚಿಮುಕಿಸಿದರೂ ಸಡಿಲ ಮಣ್ಣು ಮಧ್ಯಾಹ್ನದೊಳಗೆ ಒಣಗಿ ಬೂದಿಯಾಗುತ್ತಿತ್ತು.

ಎಂಟನೆಯ ದಿನ ನೋಡಿದರೆ ಪಾತಿಯೆಲ್ಲ ಬೋಳು. ಕಾಲು ಬಿದ್ದು ಮಣ್ಣು ಅದುಮಿದ್ದ ಕಡೆ ಮಾತ್ರ ಮೊಳಕೆ ಎದ್ದಿತ್ತು. ಐದೈದು ಬೆರಳು, ಒಂದೊಂದು ಹಿಮ್ಮಡಿ. ಈ ತುದಿಯಿಂದ ಆ ತುದಿವರೆಗೆ ಹಸಿರು ಹೆಜ್ಜೆಗಳು.

ಅತ್ತೆ ಬಹಳ ಹೊತ್ತು ನಿಂತು ನೋಡಿದಳು. ಪಕ್ಕದ ಪಾತಿಯನ್ನು ಹದಮಾಡಿ, ಉಳಿದಿದ್ದ ಬೀಜವನ್ನೆಲ್ಲ ಚೆಲ್ಲಿದಳು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದಳು:

"ಏನೇ, ಪಾತಿಗೆ ಕೋಳಿ ಬಂದೈತೆ! ಬಿರ್ರನೆ ಬಂದು ಓಡಿಸೇ!"

ಸೊಸೆ ಬರಿಗಾಲಲ್ಲೇ ಓಡಿ ಬಂದಳು. ಬೆಳಗಿನಿಂದಲೂ ಕೋಳಿಗಳೆಲ್ಲ ಅತ್ತೆ ಕವುಚಿಟ್ಟ ಮಂಕರಿಯ ಅಡಿಯಲ್ಲೇ ಇದ್ದವು.